ನಮ್ಮನೆ ದೆವ್ವದ ಸದ್ದು

ಹುಳು ಮನೆಯಲ್ಲಿದ್ದಾಗ ದೇವರಿಗೂ ಊದುಬತ್ತಿ ಹಚ್ಚದ ಕಾಲ ಅದು. ರೇಷ್ಮೆಹುಳುವಿಗೆ ಹೊಗೆ ಆಗದು. ಒಗ್ಗರಣೆಯನ್ನೂ ಹಿತ್ತಲ ಒಲೆಯಲ್ಲೇ ಹಾಕುತ್ತಿದ್ದೆವು. ಅಜ್ಜಿ ಎರಡು ಕಣಗಿಲೆ ಹೂವಿಟ್ಟು, "ಇಷ್ಟರಲ್ಲೇ ತೃಪ್ತಿ ಪಡಪ್ಪ" ಎಂದು ಆಂಜನೇಯಸ್ವಾಮಿಗೆ ಕೈಮುಗಿಯುತ್ತಿದ್ದಳು.

ಸಾದಲಿ ಹತ್ತಿರದ ನಮ್ಮೂರಿಗೆ ಸಿನಿಮಾದವರು ಬಂದಾಗ ನನಗೆ ಒಂಬತ್ತು ವರ್ಷ. ದೆವ್ವದ ಮನೆಯ ನಗೆಚಿತ್ರವಂತೆ. ನಮ್ಮ ಹಳೇ ಹೆಂಚಿನ ಮನೆಯ ನಡುಮನೆ ಅವರಿಗೆ ಹಿಡಿಸಿತು. ಅದರ ಪಕ್ಕದಲ್ಲೇ ಹುಳುಮನೆ. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಇದೂ ಹೋದರೆ ಹುಳು ಸಾಕುವುದೇ ಬೇಡ ಎಂದು ಅಪ್ಪ ಹೇಳಿಬಿಟ್ಟಿದ್ದರು. ನಾಲ್ಕನೇ ಸಲ ಪೊರೆ ಕಳಚಿ, ನಮ್ಮ ಮಾತಲ್ಲಿ ನಾಲ್ಕನೇ ಜ್ವರದಿಂದ ಎದ್ದ ಹುಳು, ಗೂಡು ಕಟ್ಟಲು ಇನ್ನು ನಾಲ್ಕೈದು ದಿನ.

"ಏನಾದ್ರೂ ಮಾಡ್ಕೊಳ್ಳಪ್ಪ, ಹೊಗೆ ಮಾತ್ರ ಬೇಡ" ಎಂದಳು ಅಜ್ಜಿ. ನಿರ್ದೇಶಕರು ಒಪ್ಪಿದರು. ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಹಗಲನ್ನೇ ರಾತ್ರಿ ಮಾಡಿದರು. ಸೀರೆ ಉಟ್ಟು, ಜಡೆ ಕಟ್ಟಿಕೊಂಡು, ಮುಖಕ್ಕೆ ಬಿಳಿ ಬಳಿದುಕೊಂಡ ಸಣಕಲು ನಟನೇ ದೆವ್ವ. ಆದರೆ ಹೊಗೆಯಿಲ್ಲದೆ ಅವನು ಬಂದರೆ, ಊಟಕ್ಕೆ ಕರೆಸಿಕೊಂಡ ನೆಂಟನ ಹಾಗೆ ಕಾಣುತ್ತಿದ್ದ.

ಮೂರನೇ ದಿನ ಅಜ್ಜಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದಳು. ಸಿನಿಮಾದವರಲ್ಲಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಎಬ್ಬಿಸುವ ಕೆಲಸದವನು ನನ್ನ ಬಳಿ ಬಂದ.

"ಒಂದೇ ಸಲ, ಪಾಪು. ಹುಳುಮನೆ ಬಾಗಿಲು ಹಾಕಿದ್ರೆ ಆಯ್ತಲ್ಲ?"

ಹೊಗೆಯೊಳಗಿಂದ ದೆವ್ವ ಬರುವುದನ್ನು ನೋಡುವ ಆಸೆ. ಹೂಂ ಎಂದೆ. ಬಾಗಿಲನ್ನೂ ನಾನೇ ಹಾಕಿದೆ. ನಮ್ಮ ಮನೆಯ ನಡುಗೋಡೆ ಹೆಂಚಿನವರೆಗೆ ಮುಟ್ಟುವುದಿಲ್ಲ ಎನ್ನುವುದು ನೆನಪಾದದ್ದು, ಹೊಗೆ ಗೋಡೆ ಹತ್ತಿ ಆಚೆ ಇಳಿಯುವುದನ್ನು ಕಂಡಾಗಲೇ.

ಅಜ್ಜಿ ಸೊಪ್ಪಿನ ಹೊರೆ ಇಳಿಸಿ, "ಯಾರೇ ಹೂಂ ಅಂದಿದ್ದು?" ಎಂದಳು.

"ನಾನಜ್ಜಿ."

"ಅಳೋದು ಆಮೇಲೆ. ಕಾಲು ತೊಳ್ಕೊಂಡು ಬಾ, ಸೊಪ್ಪು ಹಾಕಣ." ದೆವ್ವದ ಕಡೆ ತಿರುಗಿ, "ಏನಪ್ಪ, ನೋಡ್ತಾ ನಿಂತ್ರೆ ಆಗಲ್ಲ. ಆ ಪೌಡರ್ ತೊಳ್ಕೊಂಡು ನೀನೂ ಬಾ" ಎಂದಳು.

ಕೆಂಡ ಹೊರಗೆ ಹೋಯಿತು, ಕಪ್ಪು ಬಟ್ಟೆಗಳು ಇಳಿದವು. ದೆವ್ವ ಸೀರೆ ಎತ್ತಿ ಕಟ್ಟಿ ಮೊರದಿಂದ ಗಾಳಿ ಬೀಸಿತು. ಹುಳುಗಳು ತಲೆ ಎತ್ತಿದಂತೇ ನಿಂತಿದ್ದವು. ಹಾಕಿದ ಸೊಪ್ಪು ಒಂದೂ ಮುಟ್ಟಲಿಲ್ಲ. ಆಂಜನೇಯಸ್ವಾಮಿ, ಇವು ತಿಂದರೆ ಒಂಬತ್ತು ಶನಿವಾರ ಪ್ರದಕ್ಷಿಣೆ ಹಾಕ್ತೀನಿ ಎಂದು ಹರಕೆ ಹೊತ್ತೆ. ಸಿನಿಮಾದವರೆಲ್ಲ ಅಂಗಳದಲ್ಲಿ ಕೂತಿದ್ದರು.

ಮೂಲೆಯ ಹುಳುತಟ್ಟೆಯಲ್ಲಿ ಮೊದಲು ಸರಸರ ಎಂದಿತು. ಆಮೇಲೆ ಪಕ್ಕದ್ದು. ಆಮೇಲೆ ಇಡೀ ಮನೆ.

"ಅಜ್ಜಮ್ಮ, ಮಳೆ ಬಂತಾ?" ಎಂದರು ಬಾಗಿಲಲ್ಲಿ ನಿಂತ ನಿರ್ದೇಶಕರು.

"ಮಳೆ ಎಲ್ಲಿದಪ್ಪ. ಹುಳ ಊಟ ಮಾಡ್ತಾವೆ."

ಅವರು ಬಾಗಿಲಲ್ಲೇ ಕಿವಿಗೊಟ್ಟರು. ಆಮೇಲೆ ಧ್ವನಿ ಹಿಡಿಯುವವನನ್ನು ಕರೆದು, "ಕಾಲು ತೊಳ್ಕೊಂಡು ಬಾ. ನಮ್ಮ ದೆವ್ವಕ್ಕೆ ಹೊಗೆ ಬೇಡ" ಎಂದರು.

ಸಿನಿಮಾ ಶಿಡ್ಲಘಟ್ಟಕ್ಕೆ ಬಂದಾಗ ಊರವರೆಲ್ಲ ಹೋದೆವು. ಕತ್ತಲ ಮನೆ, ಎಲ್ಲಿಂದಲೋ ಸರಸರ ಸದ್ದು. ಮುಂದಿದ್ದ ಪೇಟೆಯ ಹೆಂಗಸರು ಹೆದರಿ ಸೆರಗು ಕಚ್ಚಿಕೊಂಡರು. ನಮ್ಮೂರವರ ಎರಡು ಸಾಲೂ ಬಿದ್ದುಬಿದ್ದು ನಕ್ಕವು. ಅಜ್ಜಿ ಮಾತ್ರ ನಗಲಿಲ್ಲ. "ಚೆನ್ನಾಗಿ ತಿಂತಾವೆ" ಎಂದು ಪರದೆಗೆ ಕೈಮುಗಿದಳು. ಆ ಸಲದ ಗೂಡು ಗಟ್ಟಿಯಾಗಿ ಬಂದಿತ್ತು, ಹುಳುಮನೆ ಇನ್ನೂ ಹನ್ನೆರಡು ವರ್ಷ ನಡೆಯಿತು.

ಈಗ ಅಜ್ಜಿಯಿಲ್ಲ. ಸೊಪ್ಪಿನ ತೋಟದಲ್ಲಿ ದ್ರಾಕ್ಷಿ ಚಪ್ಪರ. ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲಿ ದಿನವೂ ಊದುಬತ್ತಿ ಉರಿಯುತ್ತದೆ, ಬೇಡ ಎನ್ನಲು ಹುಳುವಿಲ್ಲ. ಯಾವಾಗಲೋ ಮಧ್ಯಾಹ್ನ ಟಿವಿಯಲ್ಲಿ ಆ ಸಿನಿಮಾ ಬಂದರೆ ಕುಕ್ಕರ್ ಆರಿಸಿ, ಸದ್ದು ಜಾಸ್ತಿ ಮಾಡಿ ಕೂರುತ್ತೇನೆ. ಆ ಹುಳುಗಳು ಇನ್ನೂ ಊಟ ಮಾಡುತ್ತಲೇ ಇವೆ. ಸ್ವಾಮಿ ಅಷ್ಟನ್ನು ಉಳಿಸಿಕೊಟ್ಟಿದ್ದಾನೆ.