ಫಿಟ್ಟರ್ ಮಾವನ ಕೈ

ಮೊನ್ನೆ ನನ್ನ ಹೆಂಡತಿ ಹರಳೆಣ್ಣೆಯನ್ನು ಒಲೆಯ ಮೇಲಿಟ್ಟು ಮರೆತಳು. ಸೀದ ವಾಸನೆಗೆ ಅವಳು ಕಿಟಕಿ ತೆಗೆಯಲು ಓಡಿದಳು, ನಾನು ಕೂತಲ್ಲೇ ಕೂತೆ. ನನ್ನ ಪಾಲಿಗೆ ಅದು ಅರಸೀಕೆರೆಯ ನಮ್ಮ ಪಕ್ಕದ ಮನೆಯ ಫಿಟ್ಟರ್ ಮಾವನ ಜಗಲಿಯ ವಾಸನೆ...

ನೆಂಟರೇನಲ್ಲ. ರೈಲ್ವೆಯಲ್ಲಿ ಡೀಸೆಲ್ ಎಂಜಿನ್ ಫಿಟ್ಟರ್ ಆಗಿ ನಿವೃತ್ತರಾದವರು, ಬೀದಿಗೆಲ್ಲ ಮಾವ. ವಯಸ್ಸಾದ ಮೇಲೆ ಅವರಿಗೆ ಹಿಡಿದ ಹುಚ್ಚು ನನ್ನ ರಿಮೋಟ್ ಕಾರಿನದು. ಬ್ಯಾಟರಿಯದಲ್ಲ, ನೈಟ್ರೋ ಇಂಧನ ಕುಡಿದು ಓಡುವಂಥದು. ಎಂಜಿನ್ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟೇ. ಇಂಧನದಲ್ಲಿ ಹರಳೆಣ್ಣೆ ಬೆರೆತಿರುವುದರಿಂದ ಓಡಿದಷ್ಟೂ ಒಳಗೆ ಕಂದು ಅಂಟು ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಮಾವ ಹಳೆ ಪಂಚೆಯ ತುಂಡು ಹಾಸಿ, ಬಿಚ್ಚಿದ ಕ್ರಮದಲ್ಲೇ ಸ್ಕ್ರೂಗಳನ್ನು ಸಾಲಾಗಿಡುತ್ತಿದ್ದರು. ನಾನು ಆ ಬಟ್ಟೆಯ ಮೇಲೆ ಕೈಯಿಟ್ಟರೆ ಎತ್ತಿ ಪಕ್ಕಕ್ಕಿಡುತ್ತಿದ್ದರು.

ಮೂರು ವರ್ಷದ ಹಿಂದೆ ಅವರ ಕೈ ನಡುಗತೊಡಗಿತ್ತು. "ಸಾಕು ಬಿಡಿ ಈ ಸ್ಕ್ರೂಡ್ರೈವರ್ ಸಹವಾಸ" ಎಂದು ಅವರ ಹೆಂಡತಿ, ನಮಗೆಲ್ಲ ಅತ್ತೆ, ದಿನಾ ಗೊಣಗುತ್ತಿದ್ದರು. ಒಂದು ಶನಿವಾರ ಮಾವ ನನಗೆ ಹೇಳಿದರು:

"ನಾಳೆ ಮಾದಿಹಳ್ಳಿ ಬಯಲಲ್ಲಿ ಇದು ಓಡಿದ್ರೆ ನನ್ ಕೈ ನೆಟ್ಟಗೈತೆ ಅಂತ. ಓಡ್ಲಿಲ್ಲ ಅಂದ್ರೆ ಇನ್ ಮುಟ್ಟಲ್ಲ ಕಣೋ."

ತಮಾಷೆಗೆ ಹೇಳಿದ್ದಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಸ್ಲೀವನ್ನು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯನ್ನು, ಉಜ್ಜಿ ತೊಳೆದಿಟ್ಟು ಅವರು ಊಟಕ್ಕೆ ಎದ್ದರು. ನಾನು ಸುಮ್ಮನಿರಬೇಕಲ್ಲ. ಪಿಸ್ಟನ್ ತೂರಿಸಿ ನೋಡಿದೆ. ಮೇಲ್ತುದಿಗೆ ಬಂದಾಗ ಕಚ್ಚಿಕೊಂಡಿತು. ಸ್ಕೂಟರ್ ಬಿಚ್ಚಿ ಪಳಗಿದ್ದ ನನಗೆ ಅದು ದೋಷವೆಂದೇ ಕಂಡಿತು. ನಡುಗುವ ಕೈಯಲ್ಲಿ ಅಂಟು ಉಳಿದುಹೋಗಿದೆ, ಹೇಳಿದರೆ ನೊಂದುಕೊಳ್ಳುತ್ತಾರೆ ಎಂಬ ದೊಡ್ಡ ಮನಸ್ಸು ಬೇರೆ. ಕಡ್ಡಿಗೆ ಎಮರಿ ಪೇಪರ್ ಸುತ್ತಿ, ಪಿಸ್ಟನ್ ಸಲೀಸಾಗಿ ಜಾರುವವರೆಗೆ ಸ್ಲೀವಿನ ಒಳಗೋಡೆ ಉಜ್ಜಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ಊಟ ಮುಗಿಸಿ ಬಂದು ಜೋಡಿಸಿದ ಮಾವ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಬಿಗಿ ಇತ್ತಲ್ಲೋ ಇದು..."

"ಎಣ್ಣೆ ಜಾಸ್ತಿಯಾಗಿರ್ಬೇಕು" ಎಂದು ಅವರೇ ಸಮಾಧಾನ ಮಾಡಿಕೊಂಡರು. ನಾನು ಪಂಚೆಯ ತುಂಡನ್ನು ಕೊಡವಿ ಮಡಿಸಿಟ್ಟೆ.

ಭಾನುವಾರ ಬೇಲೂರು, ಹಳೇಬೀಡು ಕಡೆಯಿಂದ ಇಂಥದೇ ಕಾರು ತಂದವರು ನಾಲ್ಕೈದು ಜನ ಸೇರಿದ್ದರು. ನಮ್ಮದು ದಾರದ ಮೊದಲ ಎಳೆತಕ್ಕೇ ಶುರುವಾಯಿತು. ಮಾವ ನಕ್ಕರು. ಎರಡು ಸುತ್ತು ಓಡಿ, ಬಿಸಿಯಾಗುತ್ತಿದ್ದಂತೆ ನಿಂತಿತು. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಮೂರನೆಯ ಸಲ ಎಳೆದರೆ ಉಸಿರೇ ಇಲ್ಲ. ಅವರು ನೆಲದ ಮೇಲೆ ಕೂತು ಬಿಚ್ಚಿದರು. ಸುತ್ತ ನಿಂತವರು ಎಂಜಿನ್ ನೋಡದೆ ಅವರ ಕೈಯನ್ನೇ ನೋಡುತ್ತಿದ್ದರು.

"ಪಿಸ್ಟನ್ನು ತಣ್ಣಗಿದ್ದಾಗ ಮೇಲ್ಗಡೆ ಕಚ್ಚಬೇಕು ಕಣಪ್ಪ, ಬಿಸಿಯಾದ್ಮೇಲೆ ಅದೇ ಹದಕ್ಕೆ ಬತ್ತದೆ. ಸ್ಲೀವ್ ಸವೆದೋಗೈತೆ. ನಾನೇ ಜಾಸ್ತಿ ಉಜ್ಜಿಬಿಟ್ಟಿದೀನಿ, ಗೊತ್ತೇ ಆಗಿಲ್ಲ ನೋಡು," ಎಂದರು ಮಾವ.

ಉಜ್ಜಿದ್ದು ನಾನು. ಅಷ್ಟು ಜನರ ಎದುರು ಬೇಡ, ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಮನೆಯಲ್ಲಿ ಅವರು ಸಾಮಾನಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸುತ್ತಿದ್ದರು. ನಾಳೆ ಹೇಳೋಣ ಅಂದುಕೊಂಡೆ. ಎರಡು ವರ್ಷ ಹಾಗೇ ನಾಳೆ ನಾಳೆ ಎನ್ನುತ್ತಾ... ಹೋದ ವರ್ಷ ಮಾವ ತೀರಿಕೊಂಡರು.

ಮೊನ್ನೆ ಎಣ್ಣೆ ಸೀದ ದಿನವೇ ಸಂಜೆ ಹೋಗಿ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಬಯ್ಯುತ್ತಾರೆಂದುಕೊಂಡೆ, ಬಯ್ಯಲಿಲ್ಲ.

"ಆ ಭಾನುವಾರ ಆದ್ಮೇಲೆ ಕನ್ನಡಕದ ಸ್ಕ್ರೂ ಸಡಿಲ ಆದ್ರೂ ನಿನ್ ಬಾಗಿಲಿಗೆ ಬತ್ತಿದ್ರಲ್ಲಪ್ಪ," ಎಂದರು. "ಬರೋಕೆ ಮುಂಚೆ ಎಷ್ಟೊತ್ತು ತಾವೇ ತಿರುಗ್ಸಕ್ಕೆ ನೋಡ್ತಿದ್ರು ಗೊತ್ತಾ? ತಿರುಗಿ ಬಿಗಿಯಾಗೇ ಇರ್ತಿತ್ತು. ಆದ್ರೂ ನಂಬ್ತಿರ್ಲಿಲ್ಲ, ನಿನ್ ಹತ್ರ ತೋರಿಸ್ಕೊಂಡು ಬತ್ತಿದ್ರು."

ಪ್ರತಿ ಸಲವೂ ನಾನು ಅವರ ಕಣ್ಣೆದುರೇ ಆ ಸ್ಕ್ರೂವನ್ನು ಇನ್ನೊಮ್ಮೆ ತಿರುಗಿಸಿಯೇ ಕೊಟ್ಟಿದ್ದೆ.