ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು

ಅವರ ಬಲಗೈ ನಡುಬೆರಳಿನಲ್ಲಿ ಒಂದು ತಾಮ್ರದ ಉಂಗುರವಿತ್ತು. ಉಂಗುರ ಅಂದಮೇಲೆ ದುಂಡಗಿರಬೇಕು. ಅದು ಒಂದು ಕಡೆ ಚಪ್ಪಟೆಯಾಗಿ, ಯಾರೋ ಸುತ್ತಿಗೆಯಿಂದ ಬಡಿದ ಹಾಗಿತ್ತು. ಹಾಗೆ ಮಾಡಿದ್ದು ಮಳವಳ್ಳಿ, ಮದ್ದೂರು, ಮಂಡ್ಯ ರೂಟಿನ ಬಸ್ಸು. ಕಂಡಕ್ಟರಾಗಿದ್ದಷ್ಟು ಕಾಲವೂ ಅವರು ಸೀಟಿ ಊದಿದವರಲ್ಲ. ಬಾಗಿಲ ಪಕ್ಕದ ತಗಡಿಗೆ ಉಂಗುರದಿಂದ ಒಂದು ಬಡಿದರೆ ಬಸ್ಸು ನಿಲ್ಲಬೇಕು, ಎರಡು ಬಡಿದರೆ ಹೊರಡಬೇಕು. ಡ್ರೈವರುಗಳು ಬದಲಾದರು, ಬಸ್ಸುಗಳು ಗುಜರಿಗೆ ಹೋದವು, ಈ ಕಾನೂನು ಮಾತ್ರ ಬದಲಾಗಲಿಲ್ಲ.

ಹನಕೆರೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆ ಅವರದು. ನಂಟಸ್ತನ ಏನೂ ಇಲ್ಲದಿದ್ದರೂ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ರಿಟೈರಾದ ಮೇಲೆ ಮಾವನ ಕೈಗೆ ಒಂದು ಫೋನು ಬಂತು. ಅವರನ್ನು ನಮ್ಮ ಬೀದಿಯ ಗ್ರೂಪಿಗೆ ಸೇರಿಸಿದ ಪುಣ್ಯಾತ್ಮ ನಾನೇ. ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ ಎಂದು ತಿಳಿಸಲು ಹುಟ್ಟಿದ ಗ್ರೂಪು ಅದು. ಮಾವ ಹತ್ತಿದ ಮೇಲೆ ಸಂಜೆಯ ಬಸ್ಸಿನ ಹಾಗೆ ಗಲಗಲ ಅನ್ನತೊಡಗಿತು.

ನಾನು ಮಂಡ್ಯದಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವನು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಸಾರ್’ ಎನ್ನುವುದೇ ನನ್ನ ಒಟ್ಟು ವಿದ್ಯೆ. ಇನ್ನೊಂದು ವಿದ್ಯೆ ಅಂದರೆ ಯಾರ ದನಿಯನ್ನಾದರೂ ಎತ್ತಿಕೊಂಡು ಅವರಿಗೇ ತಿರುಗಿಸಿ ಕೊಡುವುದು. ದಿನಾ ಬೆಳಗ್ಗೆ ಗ್ರೂಪಿಗೆ ಗುಲಾಬಿ ಹೂವಿನ ಚಿತ್ರ ಹಾಕುವ ಮೇಷ್ಟ್ರು, ಗ್ಯಾರೇಜಿನ ಭಾಯ್, ನಮ್ಮಪ್ಪ, ಎಲ್ಲರನ್ನೂ ಅಣಕಿಸಿದ್ದೇನೆ. ನನ್ನದೇ ದನಿಯಲ್ಲಿ ಮಾತಾಡಿದರೆ ಮಾತ್ರ ‘ಯಾರ್ಲಾ ಇದು?’ ಅನ್ನುತ್ತಾರೆ.

ಮಾವನಿಗೆ ಟೈಪು ಮಾಡಲು ಬೇಸರ. ಏನಿದ್ದರೂ ವಾಯ್ಸ್ ಮೆಸೇಜು. ಫೋನನ್ನು ರೊಟ್ಟಿಯ ಹಾಗೆ ಬಾಯಿಗೆ ಅಡ್ಡ ಹಿಡಿದು, ಹಿಂದಿನ ಸೀಟಿನವರಿಗೂ ಕೇಳುವಂತೆ ಕೂಗುತ್ತಿದ್ದರು. ಮಾತು ಮುಗಿದಾಗ ‘ರೈಟ್!’ ಅಂದು ಪಕ್ಕದ ಚೊಂಬಿಗೆ ಉಂಗುರದಿಂದ ಎರಡು ಬಡಿಯುತ್ತಿದ್ದರು. ಟಣ್ ಟಣ್. ಆಗ ಮೆಸೇಜು ಹೊರಡುತ್ತಿತ್ತು.

ಒಮ್ಮೆ ಅವರ ಫೋನು ತುಂಬಿಹೋಯಿತು. ಗ್ರೂಪಿನಲ್ಲೇ ನನ್ನನ್ನು ಕೂಗಿ ಕೇಳಿದರು.

“ಲೋ ಅಳಿಯ, ಇದ್ಯಾಕ್ಲಾ ಜಾಗ ಇಲ್ಲ ಜಾಗ ಇಲ್ಲ ಅಂತ ಬಡ್ಕತದೆ?”

“ಮೇಷ್ಟ್ರು ಕಳ್ಸಿರೋ ಹೂನೆಲ್ಲ ಅಳಿಸ್ಬುಡಿ ಮಾವ, ಜಾಗ ಆಯ್ತದೆ.”

“ಅತ್ತಿದ ಪ್ಯಾಸೆಂಜರ್‌ನ ಅದೆಂಗ್ಲಾ ಇಳ್ಸಾದು? ನಮ್ ಬಸ್ ಫುಲ್ಲಾದ್ರೆ ಟಾಪ್ ಮ್ಯಾಲೆ ಅತ್ತಿಸ್ತಿದ್ದೋ. ಇದುಕ್ಕೆ ಟಾಪ್ ಇಲ್ವಾ?”

“ಅದೆ ಮಾವ. ಕ್ಲೌಡು ಅಂತಾರೆ, ಮೋಡ. ಫೋಟೋನೆಲ್ಲ ಅಲ್ಲಿಗೆ ಅತ್ತಿಸ್ಬೋದು.”

“ಮೋಡನೋ ಗೀಡನೋ, ಟಾಪೇ ಅನ್ನು. ಮಳೆ ಬಂದ್ರೆ ನೆನೆಯಲ್ವಾ?”

ಗ್ಯಾರೇಜಿನ ಭಾಯ್ ನಡುವೆ ಬಾಯಿ ಹಾಕಿದರು: “ಟಾರ್ಪಾಲ್ ನಾನು ಕೊಡ್ತೀನಿ ಬುಡಿ ಕಂಡಕ್ಟ್ರೇ.”

ಅಂದಿನಿಂದ ನಮ್ಮ ಬೀದಿಯಲ್ಲಿ ಕ್ಲೌಡಿಗೆ ಟಾಪು ಎಂದೇ ಹೆಸರು. ಅಂಗಡಿಯಲ್ಲೂ ಒಬ್ಬ ಗಿರಾಕಿಗೆ ‘ಫೈಲೆಲ್ಲ ಟಾಪ್ ಮೇಲಿದೆ ಸಾರ್’ ಅಂದು ನಾನು ಓನರ್ ಕೈಲಿ ಬೈಸಿಕೊಂಡಿದ್ದೇನೆ. ಅಪ್ಡೇಟಿನ ಮೇಲಂತೂ ಮಾವನಿಗೆ ಕೆಂಡದಂಥ ಕೋಪ. “ನಿನ್ನೆ ಇದ್ದ ಗುಂಡಿ ಇವತ್ತಿಲ್ಲ. ರಾತ್ರೋರಾತ್ರಿ ಬಸ್ಟ್ಯಾಂಡ್ ಕಿತ್ತು ಬ್ಯಾರೆ ಕಡೆ ಇಟ್ರೆ ಜನ ಸುಮ್ಕಿರ್ತಾರೇನ್ಲಾ?”

ಇಂಥವರನ್ನು ಬಿಡುವುದುಂಟೆ? ಅವರ ದನಿಯಲ್ಲೇ ಗ್ರೂಪಿಗೆ ಕೂಗಿದೆ: “ದೊಡ್ಡಿ, ಮದ್ದೂರು, ಗೆಜ್ಜಲಗೆರೆ, ಅನಕೆರೆ, ಮಂಡ್ಯ! ಒಳಿಕ್ ಬನ್ರಿ, ಒಳಿಕ್ ಬನ್ರಿ, ಮದ್ಯ ಮೈದಾನ ಖಾಲಿ ಅದೆ!” ಎಲ್ಲರೂ ನಕ್ಕರು. ಮಾವನಿಂದ ಬಂದದ್ದು ಒಂದೇ ಒಂದು ಸದ್ದು. ಟಣ್. ನಿಲ್ಲಿಸು ಎಂದು ಅರ್ಥ. ಹಿಂದೆಯೇ ತೀರ್ಪು: “ನನ್ ದನಿ ಅಲ್ಲ ಕಣ್ಲಾ ಅದು. ಆಡಿಗೆ ಕೆಮ್ಮು ಬಂದಂಗದೆ.” ಬೀದಿಯಲ್ಲಿ ಎಲ್ಲರೂ ಶಭಾಷ್ ಅಂದ ನನ್ನ ಕಲೆಗೆ ಆ ಮನುಷ್ಯ ಎರಡು ಬಡಿಯಲೇ ಇಲ್ಲ. ತಿಂಗಳಿಗೊಮ್ಮೆಯಾದರೂ ಕೂಗಿ ನೋಡುತ್ತಿದ್ದೆ. ಉತ್ತರ ಯಾವಾಗಲೂ ಒಂದೇ ಟಣ್.

ಆಮೇಲೆ ಅವರ ಗಂಟಲಲ್ಲಿ ಗಡ್ಡೆ ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮಾವನ ಫೋನಿಗೆ, ಟೈಪು ಮಾಡಿದ್ದನ್ನು ಓದಿ ಹೇಳುವ ಒಂದು ಸಾಫ್ಟ್‌ವೇರು ಹಾಕಿಕೊಟ್ಟೆ. ಅದರೊಳಗಿದ್ದವಳು ವಾರ್ತೆ ಓದುವವಳ ಹಾಗೆ ನಯವಾಗಿ ಮಾತಾಡುವ ಹೆಂಗಸು. ಗ್ರೂಪೂ ನಯವಾಯಿತು. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸತೊಡಗಿದರು. ಮೇಷ್ಟ್ರು ದೊಡ್ಡ ಗುಲಾಬಿ ಹಾಕಿದರು. ನಾನು ಮಾವನ ದನಿ ತೆಗೆಯುವುದನ್ನು ನಿಲ್ಲಿಸಿದೆ. ದನಿ ಇಲ್ಲದವರನ್ನು ಅಣಕಿಸಬಾರದು ಎಂಬ ಮರ್ಯಾದೆ ನನಗೂ ಇದೆ ಎಂದು ಮನಸ್ಸಿನಲ್ಲೇ ಬೀಗಿದೆ.

ಮಾವ ಸುಮ್ಮನಾಗಿಬಿಟ್ಟರು. ಮೆಸೇಜು ನೋಡುತ್ತಿದ್ದರು, ಉತ್ತರ ಇಲ್ಲ. ಅತ್ತೆ ನಮ್ಮವ್ವನ ಹತ್ತಿರ ಹೇಳಿಕೊಂಡರಂತೆ: “ಉಣ್ಣಕೂ ಕರೀಬೇಕು ಕಣಮ್ಮ. ಗ್ವಾಡೆ ನೋಡ್ಕಂಡ್ ಕುಂತ್ಕತಾರೆ.”

ಒಂದು ಭಾನುವಾರ ಗ್ರೂಪಿನಲ್ಲಿ ಆ ವಾರ್ತೆಯ ಹೆಂಗಸು ಮಾತಾಡಿದಳು. ಅದೇ ನಯ, ಅದೇ ಸಮಾಧಾನ: “ಲೋ ಬಡ್ಡೆತ್ತದೆ. ಎಲ್ಲಾರ್ನೂ ಆಡ್ಕತೀಯ. ನನ್ ಯಾಕ್ಲಾ ಬುಟ್ಟೆ. ನಾನೇನ್ ಸತ್ತೋದ್ನಾ.”

ನಗಬೇಕೋ ಅಳಬೇಕೋ ಗೊತ್ತಾಗದೆ ಚಪ್ಪಲಿಯನ್ನೂ ಮೆಟ್ಟದೆ ಅವರ ಮನೆಗೆ ಓಡಿದೆ. ಜಗುಲಿಯ ಮೇಲೆ ಕೂತಿದ್ದರು, ಕುತ್ತಿಗೆಗೆ ಟವೆಲು, ಪಕ್ಕದಲ್ಲಿ ಚೊಂಬು. ನನ್ನನ್ನು ಕಂಡದ್ದೇ ಕೈ ಎತ್ತಿ, ಕೂಗು ಎಂದು ಸನ್ನೆ ಮಾಡಿದರು.

ಕೂಗಿದೆ. “ದೊಡ್ಡಿ, ಮದ್ದೂರು…”

ಟಣ್. ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರು. ದನಿ ಅಲ್ಲಿಂದ ಬರಬೇಕಂತೆ.

“ದೊಡ್ಡೀ…”

ಟಣ್. ಕೈಯನ್ನು ಕತ್ತರಿಯ ಹಾಗೆ ಮಾಡಿದರು. ಎಳೆಯಬಾರದು. ಮತ್ತೆ ಕೂಗಿದೆ. ಟಣ್. ಈ ಸಲ ಮೂಗು ಮುಟ್ಟಿ ಕೈ ಅಲ್ಲಾಡಿಸಿದರು. ಅಲ್ಲಿಂದ ಬರಬಾರದು. ಜೀವಮಾನದಲ್ಲಿ ಯಾವ ಮೇಷ್ಟ್ರೂ ನನ್ನನ್ನು ಹೀಗೆ ತಿದ್ದಿರಲಿಲ್ಲ. ನನಗೂ ಹಟ ಬಂತು. ಎದ್ದು ನಿಂತು, ಕಂಬಕ್ಕೆ ಕೈ ಕೊಟ್ಟು, ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರನ ಹಾಗೆ ಹೊಟ್ಟೆಯಿಂದ ಕೂಗಿದೆ: “ಒಳಿಕ್ ಬನ್ರಿ, ಒಳಿಕ್ ಬನ್ರಿ, ಮದ್ಯ ಮೈದಾನ ಖಾಲಿ ಅದೆ!”

ಅಡಿಗೆಮನೆಯಿಂದ ಅತ್ತೆ ಗದರಿದರು: “ಬತ್ತೀನಿ ಇರಿ, ಯಾಕಂಗ್ ಅರ್ಚ್ಕತೀರಿ, ಮುದ್ದೆ ತಿರುವ್ಬ್ಯಾಡ್ವಾ?”

ಆಮೇಲೆ ಒಳಗಿನ ಸದ್ದೆಲ್ಲ ನಿಂತುಹೋಯಿತು. ಕೈಗೆ ಹಿಟ್ಟು ಮೆತ್ತಿಕೊಂಡೇ ಅತ್ತೆ ಬಾಗಿಲಿಗೆ ಬಂದು ನಿಂತರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಮಾವ ಉಂಗುರದ ಬೆರಳನ್ನು ಚೊಂಬಿನ ಮೇಲೆ ಎತ್ತಿ ಹಿಡಿದಿದ್ದರು. ಈ ಸಲ ಎರಡು ಬೀಳುತ್ತದೆ ಅಂದುಕೊಂಡೆ.

ಟಣ್.

ಒಂದೇ. ಆಮೇಲೆ ಭುಜ ಕುಣಿಸಿ ಕುಣಿಸಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಬುಡು ಮಗಾ, ನಿಮ್ ಮಾವ ನಿನ್ನ ಪಾಸ್ ಮಾಡಾಕಿಲ್ಲ,” ಎಂದು ಅತ್ತೆಯೂ ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡರು. ಆ ದಿನ ಮುದ್ದೆ ಗಂಟಾಗಿತ್ತು. ಮೂವರೂ ಉಂಡೆವು.

ಅದಾದ ಮೇಲೆ ಮಾವ ಗ್ರೂಪಿಗೆ ವಾಪಸ್ ಬಂದರು. ಆ ಹೆಂಗಸನ್ನು ಫೋನಿನಿಂದ ಇಳಿಸಿಬಿಟ್ಟರು. ಬರೀ ಸದ್ದು ಕಳಿಸುತ್ತಿದ್ದರು. ಮೇಷ್ಟ್ರ ಗುಲಾಬಿಗೆ ಒಂದು, ‘ನೀರು ಬಂತು’ ಎಂಬ ಸುದ್ದಿಗೆ ಎರಡು, ಹೊಸ ಅಪ್ಡೇಟಿಗೆ ಚೊಂಬು ಒಡೆಯುವ ಹಾಗೆ ಒಂದು. ‘ಕೇಳಿದ್ದಕ್ಕೆಲ್ಲ ಉತ್ತರ ಹೇಳೋ ಸಾಫ್ಟ್‌ವೇರ್ ಬಂದದೆ’ ಎಂದು ನಾನು ಹೊಗಳಿದಾಗ, ‘ಭಾಯ್ ಎಮ್ಮೆ ಯಾವಾಗ ಈಯ್ತದೆ, ಅದುನ್ನ ಕೇಳು’ ಎಂದು ಮಾತ್ರ ಟೈಪು ಮಾಡಿದ್ದರು. ಕೇಳಿದೆ. ಅದು ಎಮ್ಮೆಯ ಆರೋಗ್ಯಕ್ಕೆ ಶುಭ ಹಾರೈಸಿತು. ಮಾವ ಒಂದು ಬಡಿದರು. ನನ್ನ ದನಿಗೂ ತಪ್ಪದೆ ಒಂದೇ.

ಕಳೆದ ಚಳಿಗಾಲದಲ್ಲಿ ಮಾವ ನಿದ್ದೆಯಲ್ಲೇ ಹೋದರು. ಗ್ರೂಪಿನಲ್ಲಿ ಮತ್ತೆ ಕೈ ಮುಗಿಯುವ ಚಿತ್ರಗಳು ತುಂಬಿದವು, ಮತ್ತೆ ಗುಲಾಬಿ. ತಿಥಿ ಕಳೆದ ಮೇಲೂ ಯಾರೂ ಜೋರಾಗಿ ಮಾತಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಂಗಡಿಯ ಹಿಂದೆ ನಿಂತು, ಹೊಟ್ಟೆ ಮುಟ್ಟಿಕೊಂಡು, ದೊಡ್ಡಿಯಿಂದ ಮಂಡ್ಯದವರೆಗೆ ಕೂಗಿ ಕಳಿಸಿದೆ.

ತುಸು ಹೊತ್ತಿಗೆ ಮಾವನ ಫೋನಿನಿಂದಲೇ ಉತ್ತರ ಬಂತು.

ಟಣ್.

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಹಿಂದೆಯೇ ಅತ್ತೆಯ ದನಿ: “ಮದ್ದೂರ್ನ ನಿಮ್ ಮಾವ ಅಂಗೆ ಎಳೀತಿರ್ಲಿಲ್ಲ ಕಣ್ಲಾ. ಇನ್ನೊಂದ್ ದಪ ಕೂಗು.”

ಅವರ ಮನೆಗೆ ಹೋದಾಗ ನೋಡಿದೆ. ದಾರ ಸುತ್ತಿ ಬಿಗಿ ಮಾಡಿದ ಆ ಚಪ್ಪಟೆ ಉಂಗುರ ಅತ್ತೆಯ ಬೆರಳಿನಲ್ಲಿತ್ತು.

ಈಗಲೂ ವಾರಕ್ಕೊಮ್ಮೆ ಕೂಗಿ ಕಳಿಸುತ್ತೇನೆ. ಆ ದನಿ ಈಗ ನನಗೆ ಸರಿಯಾಗಿಯೇ ಬರುತ್ತದೆ, ಒಂದು ಕೂದಲೆಳೆಯೂ ತಪ್ಪಿಲ್ಲದೆ. ಆದರೂ ಎಲ್ಲೋ ಒಂದು ಕಡೆ, ಮದ್ದೂರಿನಲ್ಲೋ ಗೆಜ್ಜಲಗೆರೆಯಲ್ಲೋ, ಬೇಕೆಂದೇ ವಸಿ ಎಳೆಯುತ್ತೇನೆ. ಅತ್ತೆ ತಪ್ಪದೆ ಒಂದು ಬಡಿಯುತ್ತಾರೆ. ಎರಡು ಬಡಿದರೆ ಬಸ್ಸು ಹೊರಟುಬಿಡುತ್ತದೆ.