ಕಪ್ಪು ಪೈಪು

ಪೇಟೆಯವರ ಬಾಯಲ್ಲಿ ಅವನ ಹೆಸರು ಫಳಫಳ. ತಣ್ಣನೆ ಕೋಣೆಗಳಿಗೆ ಪೈಪು ಜೋಡಿಸುವುದು ಕಸುಬು. ಜೋಡಿಸಿದ ಮೇಲೆ ಎಣ್ಣೆಬಟ್ಟೆಯಿಂದ ಮುಖ ಕಾಣುವ ತನಕ ಒರೆಸುವುದು ಚಟ. ಒರೆಸಿದ್ದಕ್ಕೆ ಕೂಲಿ ಕೇಳುತ್ತಿರಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಯಾವ ಗಿರಾಕಿ ಬೇಡ ಅಂದಾನು?

ಅವನ ಅಕ್ಕನದು ಹೂವಿನ ಸಗಟು ವ್ಯಾಪಾರ. ಅವಳ ಕೋಣೆಯ ಪೈಪುಗಳು ಸದಾ ಬೆವರುತ್ತಿದ್ದವು. ನೀರು ಪೈಪಿನ ಮೈಗುಂಟ ಹರಿದು, ಅಡಿಯಲ್ಲಿಟ್ಟ ತಗಡಿನ ದೋಣಿಗೆ ಕೈಕೊಟ್ಟು, ಹೂವಿನ ಮೇಲೇ ತೊಟ್ಟಿಕ್ಕುತ್ತಿತ್ತು. ನೆನೆದ ಹೂ ಕೊಳೆಯುತ್ತಿತ್ತು.

"ನೀನು ತಮ್ಮ ಅಂತ ಇದ್ದೂ ನನ್ನ ಹೂವಿಗೆ ನೆಗಡಿ ತಪ್ಪಲಿಲ್ಲ ನೋಡು," ಅನ್ನುತ್ತಿದ್ದಳು.

ಕೊನೆಗೆ ಅವನ ಮಾತು ನಂಬಿ, ಕೈಯಲ್ಲಿದ್ದದ್ದೆಲ್ಲ ಸುರಿದು ಹೊಸ ತರದ ತಾಮ್ರದ ಪೈಪು ತರಿಸಿದಳು. ಮಸಿ ಮೆತ್ತಿದ ಹಾಗೆ ಕಪ್ಪು. ಮೈತುಂಬ ಕಣ್ಣಿಗೆ ಕಾಣದ ಮುಳ್ಳು; ಹನಿ ಕೂರುವುದಕ್ಕೇ ಜಾಗವಿಲ್ಲ, ಹುಟ್ಟುತ್ತಲೇ ಚಿಮ್ಮಿ ದೋಣಿಗೆ ಬೀಳಬೇಕು.

"ಬರಿಗೈಲಿ ಮುಟ್ಟಬೇಡಿ, ಒರೆಸಲೇಬೇಡಿ, ಮುಳ್ಳು ಮುರಿಯುತ್ತೆ," ಅಂದಿದ್ದ ಕಾರ್ಖಾನೆಯವನು. "ನಮ್ಮ ತಪ್ಪಾದ್ರೆ ಬದಲಿ ಕೊಡ್ತೀವಿ. ನಿಮ್ಮ ಕೈ ತಪ್ಪಾದ್ರೆ ಇಲ್ಲ."

ಫಳಫಳ ಕೈಗವಸು ಹಾಕಿಯೇ ಜೋಡಿಸಿದ. ಹನಿಗಳು ಪುಟಪುಟ ಚಿಮ್ಮಿದವು. ಅಕ್ಕ ನಕ್ಕಳು. ಆದರೆ ಆ ಕಪ್ಪು ಅವನಿಗೆ ಕಣ್ಣಲ್ಲಿ ಕಸ ಬಿದ್ದ ಹಾಗಾಯಿತು. ಹೀಗೇ ಬಿಟ್ಟು ಹೋದರೆ ನೋಡಿದವರು ಏನಂದುಕೊಂಡಾರು? ಮೆಲ್ಲಗೆ ಒಂದು ಸಲ ಸವರಿದರೆ ಏನಾದೀತು? ಎಣ್ಣೆಬಟ್ಟೆ ಒಮ್ಮೆ ಜೇಬಿನಿಂದ ಹೊರಬಂದರೆ ಮೆಲ್ಲಗೆ ಅನ್ನುವುದು ಅವನ ಕೈಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಪೈಪುಗಳು ಒದ್ದೆ ಬಟ್ಟೆ ಉಟ್ಟಂತಿದ್ದವು. ಹೂವಿನ ಪೆಟ್ಟಿಗೆಗಳು ತೊಪ್ಪೆಯಾಗಿದ್ದವು. ಅಕ್ಕ ಕಾರ್ಖಾನೆಗೆ ಫೋನು ಮಾಡಿ, ಬಾಯಿಗೆ ಬಂದಂತೆ ಬೈದು, ಅಲ್ಲಿಯವನನ್ನು ಬರಹೇಳಿದ್ದಳು.

ಅವನು ಬರುವ ಮೊದಲು ಫಳಫಳ ಏಣಿ ಹತ್ತಿ ನೋಡಿದ. ಗೋಡೆಯ ಹಿಂದಿನ ತಿರುವಿನಲ್ಲಿ, ಅವನ ಕೈ ಎಟುಕದ ಒಂದು ಗೇಣು ಜಾಗದಲ್ಲಿ, ಹನಿಗಳು ಈಗಲೂ ಚಿಮ್ಮುತ್ತಿದ್ದವು. ಬಟ್ಟೆ ತಾಗದೆ ಉಳಿದ ಜಾಗ ಅದೊಂದೇ.

"ಏನೋ ಅದು?" ಕೆಳಗಿನಿಂದ ಅಕ್ಕ ಕೇಳಿದಳು.

ಹೇಳಿದ. ಅಕ್ಕ ವ್ಯಾಪಾರದವಳು; ಅರ್ಥವಾಗಲು ಹೊತ್ತಾಗಲಿಲ್ಲ. ಅವನ ಎಣ್ಣೆಬಟ್ಟೆಯನ್ನೇ ಕೋಲಿನ ತುದಿಗೆ ಸುತ್ತಿ ಮೇಲಕ್ಕೆ ಚಾಚಿದಳು.

"ಅದನ್ನೂ ಒರೆಸಿಬಿಡು. ಮಾಲೇ ಕೆಟ್ಟದ್ದು ಅನ್ನೋಣ."

"ಅಕ್ಕಾ..."

"ಜನ್ಮವಿಡೀ ಊರವರದ್ದೆಲ್ಲ ಪುಕ್ಕಟೆ ಒರೆಸಿದೆ. ನನಗೋಸ್ಕರ ಒಂದು ಗೇಣು ಒರೆಸೋಕೆ ಆಗಲ್ವಾ?"

ಕೋಲು ಹಿಡಿದ. ಆದರೆ ಅವನು ಮಾಡಿದ ಕೆಲಸದಲ್ಲಿ ಕೆಡದೆ ಉಳಿದದ್ದು ಆ ಒಂದು ಗೇಣು ಮಾತ್ರ. ಕೈ ಏಳಲಿಲ್ಲ.

ಕಾರ್ಖಾನೆಯವನು ಬಾಗಿಲಲ್ಲೇ ಕೇಳಿದ, "ಒರೆಸಿದ್ರಾ?"

"ಹೂಂ. ಆ ಮೂಲೆ ಒಂದು ಬಿಟ್ಟು," ಅಂದ ಫಳಫಳ.

ಅಕ್ಕ ನೆನೆದ ಪೆಟ್ಟಿಗೆಯೊಂದನ್ನು ಸೊಂಟಕ್ಕೆತ್ತಿಕೊಂಡು ಹೊರನಡೆದಳು. ಇನ್ನೊಂದನ್ನು ಎತ್ತಲು ತಮ್ಮ ಬಗ್ಗಿದಾಗ ಹೊರಗಿನಿಂದಲೇ ಅಂದಳು:

"ಅದನ್ನು ಮುಟ್ಟಬೇಡ."